ಉಸಿರಿನ ಸದ್ದಿಗೆ ಸಾಕ್ಷಿ ಯಾರು?

ದೆಹಲಿಗೆ ಬಂದು ನೆಲೆಸಿ 19 ವರ್ಷಗಳಾದವು. ಭಾನುವಾರ ಬೆಳಿಗ್ಗೆ ತೀರ್ಥಹಳ್ಳಿಯ ಮನೆಗೆ ಫೋನು ಮಾಡುವ ಪದ್ಧತಿಯನ್ನು ಅಂದಿನಿಂದ ಇಂದಿನವರೆಗೆ ತಪ್ಪಿಸಿದವರಲ್ಲ. ಮೂರು ವರ್ಷಗಳ ಹಿಂದೆ ಅಂಥದೊಂದು ಬೆಳಿಗ್ಗೆ, ಅಡಿಕೆಯ ಧಾರಣೆಯನ್ನೂ ಪಕ್ಕದ ಮನೆಯ ಗೃಹಪ್ರವೇಶವನ್ನೂ ವರ್ಣಿಸುತ್ತಿದ್ದ ತಂದೆಯವರು ಪ್ರತಿ ಎರಡು ವಾಕ್ಯಕ್ಕೊಮ್ಮೆ ನಿಲ್ಲುತ್ತಿದ್ದುದನ್ನು ನಾವು ಗಮನಿಸಿದೆವು. ಮೊದಲು ಅವರು ವಾಕ್ಯ ಮುಗಿದಾಗ ನಿಲ್ಲುತ್ತಿದ್ದರು. ಈಗ ವಾಕ್ಯದ ನಡುವೆಯೇ ನಿಲ್ಲುತ್ತಿದ್ದರು. ಉಸಿರಾಟಕ್ಕೆ ತೊಂದರೆಯೇ ಎಂದು ಕೇಳಿದರೆ, "ಏನೂ ಇಲ್ಲ ಮಾರಾಯ, ಮೆಟ್ಟಿಲು ಹತ್ತಿ ಬಂದೆ" ಎಂಬ ಉತ್ತರ. ನಮ್ಮ ಮನೆ ಒಂದಂತಸ್ತಿನದು. ಅದಕ್ಕೆ ಮೆಟ್ಟಿಲೆಂದರೆ ಜಗುಲಿಯ ಮೂರು ಮೆಟ್ಟಿಲುಗಳು ಮಾತ್ರ.

ಆ ಮೂರು ಮೆಟ್ಟಿಲುಗಳ ಹಿಂದೆ ಹೊರಟು, ವೈದ್ಯರಿಂದ ವೈದ್ಯರಿಗೆ ಅಲೆದು, ಕೊನೆಗೆ ಮೈಗೆ ಅಂಟಿಸಿಕೊಳ್ಳುವ ಪುಟ್ಟ ಸಂವೇದಕವೊಂದು ಉಸಿರಿನ ಸದ್ದನ್ನು ಇಡೀ ರಾತ್ರಿ ಆಲಿಸಬಲ್ಲದೆಂಬ ಸುದ್ದಿಯವರೆಗೆ ನಾವು ಬಂದು ನಿಂತೆವು. ವೃತ್ತಿಯಿಂದ ನಾವು ಕಡತ ನೋಡುವವರು, ಓದಿನಿಂದ ಇಂಗ್ಲಿಷ್ ಸಾಹಿತ್ಯದವರು. ವೈದ್ಯಶಾಸ್ತ್ರದಲ್ಲಿ ನಮಗೆ ಅಧಿಕಾರವಿಲ್ಲ. ಆದರೆ ಯಂತ್ರವೊಂದು ಕೇಳಿಸಿಕೊಂಡದ್ದು ನಿಜವೆಂದು ಪ್ರಮಾಣೀಕರಿಸುವವರು ಯಾರು ಎಂಬ ಪ್ರಶ್ನೆಗೆ ಎರಡು ಶತಮಾನಗಳ ಚರಿತ್ರೆಯಿದೆ. ಆ ಚರಿತ್ರೆಯಲ್ಲಿ ನಮ್ಮ ಎಂ.ಎ. ಪಠ್ಯದ ಕೆಲವು ಹೆಸರುಗಳೂ ಅನಿರೀಕ್ಷಿತವಾಗಿ ಎದುರಾದವು. ಅದನ್ನು ಬಳಗದ ಓದುಗರೊಡನೆ ಹಂಚಿಕೊಳ್ಳಬೇಕೆನಿಸಿತು.

ಎದೆಗೆ ಕಿವಿಯಿಟ್ಟು ಕೇಳುವುದು ಹಿಪೊಕ್ರಾಟಿಸನ ಕಾಲದ ಗ್ರೀಕರಿಗೂ ತಿಳಿದಿತ್ತು. ಎದೆಯನ್ನು ಬೆರಳಿನಿಂದ ತಟ್ಟಿ ಒಳಗಿನದನ್ನು ಊಹಿಸುವ ವಿಧಾನವನ್ನು 1761ರಲ್ಲಿ ವಿಯೆನ್ನಾದ ಲಿಯೊಪೋಲ್ಡ್ ಆವೆನ್‌ಬ್ರುಗ್ಗರ್ ಒಂದು ಸಣ್ಣ ಲ್ಯಾಟಿನ್ ಪುಸ್ತಕದಲ್ಲಿ ವಿವರಿಸಿದನು. ಅವನ ತಂದೆ ಪಾನಗೃಹ ನಡೆಸುತ್ತಿದ್ದವನು. ಪೀಪಾಯಿಯನ್ನು ತಟ್ಟಿ ಮದ್ಯ ಎಷ್ಟಿದೆಯೆಂದು ತಿಳಿಯುವುದನ್ನು ಮಗ ಬಾಲ್ಯದಲ್ಲೇ ಕಂಡಿದ್ದನೆಂದು ಹೇಳುವುದುಂಟು. ಹಲಸಿನ ಹಣ್ಣನ್ನು ತಟ್ಟಿ ನೋಡುವ ನಾಡಿನವರಾದ ನಮಗೆ ಇದು ವಿಶೇಷವೆನಿಸಲಿಕ್ಕಿಲ್ಲ, ವೈದ್ಯಲೋಕಕ್ಕೂ ಆಗ ವಿಶೇಷವೆನಿಸಲಿಲ್ಲ. 1808ರಲ್ಲಿ ನೆಪೋಲಿಯನ್ನನ ವೈದ್ಯನಾಗಿದ್ದ ಕೊರ್ವಿಸಾರ್ ಅದನ್ನು ಫ್ರೆಂಚಿಗೆ ಅನುವಾದಿಸಿದ ಮೇಲೆಯೇ ಅದಕ್ಕೆ ಮನ್ನಣೆ ದೊರೆತದ್ದು. ಆ ಕೊರ್ವಿಸಾರನ ಶಿಷ್ಯರಲ್ಲೊಬ್ಬನು ರೆನೆ ಲೆನೆಕ್.

ಲೆನೆಕ್ ಹುಟ್ಟಿದ್ದು 1781ರಲ್ಲಿ, ಬ್ರಿಟನಿ ಪ್ರಾಂತದ ಕ್ಯಾಂಪೇರ್ ಎಂಬ ಊರಿನಲ್ಲಿ. ಐದರ ಹರೆಯದಲ್ಲಿ ತಾಯಿಯನ್ನು ಕಳೆದುಕೊಂಡನು. ಆಕೆಯನ್ನು ಒಯ್ದದ್ದು ಬಹುಶಃ ಕ್ಷಯ. ವೈದ್ಯನಾಗಿದ್ದ ಚಿಕ್ಕಪ್ಪನ ಆಶ್ರಯದಲ್ಲಿ ನಾಂತ್ ನಗರದಲ್ಲಿ ಬೆಳೆದು, ಪ್ಯಾರಿಸ್ಸಿಗೆ ಬಂದು ಓದಿದನು. ಅವನ ಬದುಕಿನ ಒಂದು ಸಂಗತಿ ಹೊರನಾಡಿನವರಾದ ನಮ್ಮನ್ನು ವಿಶೇಷವಾಗಿ ಮುಟ್ಟಿತು. 1814ರಲ್ಲಿ ಯುದ್ಧದಲ್ಲಿ ಗಾಯಗೊಂಡ ಬ್ರಿಟನಿಯ ಸೈನಿಕರು ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿ ತುಂಬಿಕೊಂಡಿದ್ದರು. ಫ್ರೆಂಚ್ ಬಾರದ ಆ ಹಳ್ಳಿಯ ಹುಡುಗರಿಗೆ ತಮ್ಮ ನೋವನ್ನು ಹೇಳಿಕೊಳ್ಳಲು ಭಾಷೆಯಿರಲಿಲ್ಲ. ಬ್ರೆಟನ್ ನುಡಿಯನ್ನು ಅಕ್ಕರೆಯಿಂದ ಅಭ್ಯಾಸ ಮಾಡಿದ್ದ ಲೆನೆಕ್ ಅವರ ಆರೈಕೆಯನ್ನು ವಹಿಸಿಕೊಂಡು ಅವರ ನುಡಿಯಲ್ಲೇ ಮಾತನಾಡಿಸಿದನು. ಎದೆಯ ಸದ್ದಿಗೆ ಕಿವಿಗೊಡುವ ಮೊದಲು ಅವನು ರೋಗಿಯ ಮಾತಿಗೆ ಕಿವಿಗೊಟ್ಟಿದ್ದನು.

1816ರಲ್ಲಿ ಅವನು ನೆಕ್ಕೇರ್ ಆಸ್ಪತ್ರೆಗೆ ವೈದ್ಯನಾಗಿ ನೇಮಕಗೊಂಡನು. ಆ ವರ್ಷದ ಘಟನೆಯನ್ನು ಅವನೇ ಬರೆದಿಟ್ಟಿದ್ದಾನೆ. ಹೃದಯರೋಗದ ಲಕ್ಷಣಗಳಿದ್ದ ತರುಣಿಯೊಬ್ಬಳು ಬಂದಳು. ಸ್ಥೂಲಕಾಯದವಳಾದ್ದರಿಂದ ತಟ್ಟಿ ನೋಡಿದರೆ ಏನೂ ತಿಳಿಯುತ್ತಿರಲಿಲ್ಲ. ಆಕೆಯ ವಯಸ್ಸು ಮತ್ತು ಹೆಣ್ತನವನ್ನು ನೆನೆದು ಎದೆಗೆ ನೇರವಾಗಿ ಕಿವಿಯಿಡಲು ಅವನಿಗೆ ಸಂಕೋಚವಾಯಿತು. ಮರದ ತೊಲೆಯ ಒಂದು ತುದಿಗೆ ಕಿವಿಯಿಟ್ಟರೆ ಮತ್ತೊಂದು ತುದಿಯಲ್ಲಿ ಗುಂಡುಸೂಜಿಯಿಂದ ಗೀಚಿದ್ದು ಸ್ಪಷ್ಟವಾಗಿ ಕೇಳುವ ಸಂಗತಿ ಆಗ ನೆನಪಾಯಿತು. ಕಾಗದದ ಒಂದು ಕಟ್ಟನ್ನು ಬಿಗಿಯಾಗಿ ಸುರುಳಿ ಸುತ್ತಿ, ಒಂದು ತುದಿಯನ್ನು ಆಕೆಯ ಎದೆಗೂ ಇನ್ನೊಂದನ್ನು ತನ್ನ ಕಿವಿಗೂ ಇಟ್ಟನು. ನೇರವಾಗಿ ಕಿವಿಯಿಟ್ಟಾಗ ಕೇಳುತ್ತಿದ್ದುದಕ್ಕಿಂತ ಹೆಚ್ಚು ಸ್ಪಷ್ಟವಾಗಿ ಹೃದಯದ ಬಡಿತ ಕೇಳಿಸಿತು.

ಕಾಗದದ ಸುರುಳಿ ಮುಂದೆ ಸುಮಾರು ಒಂದು ಅಡಿ ಉದ್ದದ ಮರದ ಕೊಳವೆಯಾಯಿತು. ಲೆನೆಕ್ ಕೊಳಲು ನುಡಿಸಬಲ್ಲವನು. ಕಡೆತದ ಕೆಲಸವನ್ನೂ ಬಲ್ಲವನು. ಕೊಳವೆಗಳನ್ನು ತಾನೇ ಕಡೆದುಕೊಳ್ಳುತ್ತಿದ್ದನು. ಎದೆ ಎಂಬರ್ಥದ ಮತ್ತು ನೋಡು ಎಂಬರ್ಥದ ಎರಡು ಗ್ರೀಕ್ ಪದಗಳನ್ನು ಕೂಡಿಸಿ ಅದಕ್ಕೆ ಸ್ಟೆತೊಸ್ಕೋಪು ಎಂದು ಹೆಸರಿಟ್ಟನು. ಕೇಳುವ ಉಪಕರಣಕ್ಕೆ ನೋಡುವ ಹೆಸರು! ಇದು ನಾಮಕರಣದ ದೋಷವೆಂದು ನಾವು ಬಹುಕಾಲ ತಿಳಿದಿದ್ದೆವು. ಲೆನೆಕ್ಕನ ಉದ್ದೇಶವನ್ನು ತಿಳಿದ ಮೇಲೆ ಹಾಗೆನಿಸುತ್ತಿಲ್ಲ. ಅವನಿಗೆ ಬೇಕಾಗಿದ್ದುದು ಬದುಕಿರುವವರ ಎದೆಯೊಳಗನ್ನು ಕಾಣುವುದು; ಕಿವಿ ಅದಕ್ಕೆ ಹಾದಿಯಷ್ಟೆ.

ಇಲ್ಲಿಯೇ ನಮ್ಮ ವಿಷಯದ ತಿರುಳಿದೆ. ಉಪಕರಣವನ್ನು ಕಂಡುಹಿಡಿದದ್ದಕ್ಕಿಂತ ಅದನ್ನು ಪರೀಕ್ಷೆಗೊಡ್ಡಿದ ರೀತಿ ಹೆಚ್ಚಿನದು. ಲೆನೆಕ್ ರೋಗಿಯ ಎದೆಯ ಸದ್ದುಗಳನ್ನು ದಿನದಿನವೂ ಬರೆದಿಡುತ್ತಿದ್ದನು. ಆ ಕಾಲದ ಆಸ್ಪತ್ರೆಗೆ ಬಂದ ಬಡರೋಗಿಗಳಲ್ಲಿ ಹಲವರು ಅಲ್ಲಿಯೇ ಸಾಯುತ್ತಿದ್ದರು. ಸತ್ತ ಮೇಲೆ ಶವವನ್ನು ಸೀಳಿ, ತಾನು ಮೊದಲೇ ಬರೆದಿಟ್ಟ ಊಹೆಯನ್ನು ಶ್ವಾಸಕೋಶದ ಸ್ಥಿತಿಯೊಡನೆ ಹೋಲಿಸುತ್ತಿದ್ದನು. ಇಂಥ ಸದ್ದು ಕೇಳಿದ ಕಡೆ ಕೀವಿನ ಕುಳಿಯಿತ್ತು, ಇಂಥದು ಕೇಳಿದ ಕಡೆ ನೀರು ತುಂಬಿತ್ತು ಎಂದು ಒಂದೊಂದಾಗಿ ಗುರುತು ಹಾಕಿದನು. ಮೂರು ವರ್ಷಗಳ ಈ ಕೆಲಸ 1819ರಲ್ಲಿ ಎರಡು ಸಂಪುಟಗಳ ಗ್ರಂಥವಾಗಿ ಹೊರಬಂದಿತು. ಕಿವಿ ಹೇಳಿದ್ದಕ್ಕೆ ಕಣ್ಣು ಸಾಕ್ಷಿ ನುಡಿಯಿತು. ಆ ಸಾಕ್ಷ್ಯದ ಬೆಲೆಯನ್ನು ಹೆಸರಿಲ್ಲದ ಬಡವರು ತೆತ್ತರು. ಇಂದಿನ ಸಂವೇದಕಗಳ ಮೌಲ್ಯಮಾಪನಕ್ಕೆ ಇಂಥ ನಿಷ್ಠುರವಾದ ಸಾಕ್ಷಿ ಹೆಚ್ಚಿನ ವೇಳೆ ಸಿಗುವುದಿಲ್ಲ. ಸಿಗದಿರುವುದು ಒಳ್ಳೆಯದೇ, ಆದರೂ ಅದರಿಂದ ಹುಟ್ಟುವ ತೊಡಕು ಚಿಕ್ಕದಲ್ಲ.

ಸದ್ದುಗಳಿಗೆ ಹೆಸರಿಡುವ ಕೆಲಸದಲ್ಲಿ ಲೆನೆಕ್ ಕವಿಯಂತೆ ವರ್ತಿಸಿದನು. ನ್ಯುಮೋನಿಯಾದ ಆರಂಭದಲ್ಲಿ ಕೇಳುವ ಸಣ್ಣ ಚಟಪಟವನ್ನು ಕಾದ ಬಾಣಲೆಯ ಮೇಲೆ ಉಪ್ಪು ಸಿಡಿಯುವ ಸದ್ದಿಗೆ ಹೋಲಿಸಿದನು. ಇನ್ನೊಂದು ಸದ್ದು ಅವನಿಗೆ ಕಾಡುಪಾರಿವಾಳದ ಗುಟುರಿನಂತೆ ಕೇಳಿಸಿತು, ಮತ್ತೊಂದು ಹಕ್ಕಿಮರಿಗಳ ಚಿಲಿಪಿಲಿಯಂತೆ. ಎದೆಗೂಡಿನಲ್ಲಿ ನೀರು ತುಂಬಿದವರ ಮಾತು ಕೊಳವೆಯಲ್ಲಿ ಆಡಿನ ಅರಚಾಟದಂತೆ ನಡುಗುತ್ತದೆಂದು ಅದಕ್ಕೆ ಆಡಿನ ಹೆಸರನ್ನೇ ಇಟ್ಟನು. ಅವನ ನಂತರ ಬಂದ ಇಂಗ್ಲೆಂಡಿನ ವೈದ್ಯನೊಬ್ಬನು, ಕಿವಿಯ ಬಳಿ ಕೂದಲೆಳೆಗಳನ್ನು ಬೆರಳುಗಳ ನಡುವೆ ಹೊಸೆದು ನೋಡಿ, ಆ ಉಪ್ಪಿನ ಸದ್ದು ಇದೇ ಎಂದನು.

ಒಂದು ಹೆಸರು ಮಾತ್ರ ಮುಂದಿನ ಒಂದೂವರೆ ಶತಮಾನದ ಗೊಂದಲಕ್ಕೆ ಕಾರಣವಾಯಿತು. ಉಸಿರಿನೊಡನೆ ಬೆರೆತು ಬರುವ ಎಲ್ಲ ಅಸಹಜ ಸದ್ದುಗಳಿಗೂ ಲೆನೆಕ್ 'ರಾಲ್' ಎಂಬ ಫ್ರೆಂಚ್ ಪದವನ್ನು ಬಳಸಿದನು. ಆ ಪದಕ್ಕೆ ಜನಬಳಕೆಯಲ್ಲಿ ಸಾವಿನ ಗೊರಲು ಎಂಬ ಅರ್ಥ. ನಮ್ಮಲ್ಲಿ ಮೇಲುಸಿರು ಬಂತು ಎಂದಾಗ ಮನೆಯವರ ಎದೆ ಝಲ್ಲೆನ್ನುವಂತೆ. ಹಾಸಿಗೆಯ ಬಳಿ ನಿಂತು ಅದನ್ನು ಉಚ್ಚರಿಸಿದರೆ ರೋಗಿ ಹೆದರುತ್ತಾನೆಂದು, ಅವನೆದುರು ಅದೇ ಅರ್ಥದ ಲ್ಯಾಟಿನ್ ಪದ 'ರಾಂಕಸ್' ಎನ್ನತೊಡಗಿದನು. ಕರುಣೆಯಿಂದ ಹುಟ್ಟಿದ ಪರ್ಯಾಯಪದವಿದು. ಆದರೆ ಎರಡು ಪದಗಳಿದ್ದ ಮೇಲೆ ಎರಡು ವಸ್ತುಗಳೂ ಇರಬೇಕೆಂದು ಮುಂದಿನ ಇಂಗ್ಲಿಷ್ ಲೇಖಕರು ಭಾವಿಸಿ, ಒಂದನ್ನು ಒಂದು ಬಗೆಯ ಸದ್ದಿಗೂ ಇನ್ನೊಂದನ್ನು ಇನ್ನೊಂದಕ್ಕೂ ಹಂಚಿದರು. ಎಲ್ಲರೂ ಒಂದೇ ಬಗೆಯಾಗಿ ಹಂಚಿದ್ದರೂ ಬಾಧಕವಿರಲಿಲ್ಲ, ಹಾಗಾಗಲಿಲ್ಲ.

ಇಂಗ್ಲಿಷಿಗೆ ಲೆನೆಕ್ಕನನ್ನು ತಂದವನು ಜಾನ್ ಫೋರ್ಬ್ಸ್, 1821ರಲ್ಲಿ. ಅನುವಾದದ ಮುನ್ನುಡಿಯಲ್ಲಿ ಅವನು ಈ ಉಪಕರಣ ಎಷ್ಟೇ ಉಪಯುಕ್ತವಾದರೂ ಸಾಮಾನ್ಯ ಬಳಕೆಗೆ ಬರುವುದು ಸಂಶಯವೆಂದು ಬರೆದನು. ಗಂಭೀರವದನನಾದ ವೈದ್ಯನೊಬ್ಬ ಉದ್ದನೆಯ ಕೊಳವೆಯ ಮೂಲಕ ರೋಗಿಯ ಎದೆಯನ್ನು ಆಲಿಸುವ ಚಿತ್ರ ಅವನಿಗೆ ನಗೆ ತರಿಸಿತ್ತು. ತಾನೇ ಅನುವಾದಿಸಿದ ಪುಸ್ತಕದ ಬಗೆಗೆ ಇಷ್ಟು ಅಪನಂಬಿಕೆ ತೋರಿದ ಅನುವಾದಕರು ವಿರಳ. ಫೋರ್ಬ್ಸನ ಬಾಲ್ಯದ ಸಹಪಾಠಿ ಜೇಮ್ಸ್ ಕ್ಲಾರ್ಕ್. ಈ ಕ್ಲಾರ್ಕ್ ಯಾರೆಂದು ಕೀಟ್ಸನ ಜೀವನಚರಿತ್ರೆ ಓದಿದವರಿಗೆ ಗೊತ್ತು. ರೋಮಿನಲ್ಲಿ ಕವಿಯ ಕೊನೆಯ ದಿನಗಳ ವೈದ್ಯ ಅವನೇ. 1820ರ ನವೆಂಬರಿನಲ್ಲಿ ಮೊದಲ ಬಾರಿ ಪರೀಕ್ಷಿಸಿದಾಗ, ತೊಂದರೆಯ ಮುಖ್ಯ ನೆಲೆ ಹೊಟ್ಟೆಯೆಂದು ಅವನಿಗೆ ತೋರಿತ್ತು. ಹೃದಯ ಮತ್ತು ಶ್ವಾಸಕೋಶದ ಬಗೆಗೆ ಬರಿಯ ಅನುಮಾನವಿತ್ತು. 1821ರ ಫೆಬ್ರುವರಿ 23ರಂದು, 25ರ ಹರೆಯದಲ್ಲಿ ಕೀಟ್ಸ್ ತೀರಿಕೊಂಡನು. ಶವಪರೀಕ್ಷೆಯಲ್ಲಿ ಶ್ವಾಸಕೋಶಗಳು ಸಂಪೂರ್ಣ ನಾಶವಾಗಿದ್ದುದು ಕಂಡುಬಂದಿತು. ಗೆಳೆಯನ ಅನುವಾದ ಇಂಗ್ಲಿಷಿನಲ್ಲಿ ಬೆಳಕು ಕಂಡದ್ದು ಅದೇ ವರ್ಷ.

ಫೋರ್ಬ್ಸನನ್ನು ನಾವು ಮತ್ತೊಮ್ಮೆ ಭೇಟಿಯಾಗುವುದು ಬ್ರಾಂಟೆ ಸೋದರಿಯರ ಮನೆಯಲ್ಲಿ. 1849ರ ಜನವರಿಯಲ್ಲಿ ಲೀಡ್ಸಿನ ವೈದ್ಯ ಟೀಲ್ ಹಾವರ್ತಿಗೆ ಬಂದು, ಸ್ಟೆತೊಸ್ಕೋಪಿನಿಂದ ಆನ್ ಬ್ರಾಂಟೆಯ ಎದೆಯನ್ನು ಪರೀಕ್ಷಿಸಿ, ಎರಡೂ ಶ್ವಾಸಕೋಶಗಳಿಗೆ ಕ್ಷಯ ತಗುಲಿದೆಯೆಂದನು. ಅಕ್ಕ ಷಾರ್ಲಟ್ ಲಂಡನ್ನಿನ ಡಾ. ಫೋರ್ಬ್ಸನಿಗೆ ಪತ್ರ ಬರೆದು ಸಲಹೆ ಕೇಳಿದಳು. ಟೀಲ್ ಸಮರ್ಥನೆಂದೂ ತಾನಾದರೂ ಅದೇ ಔಷಧಿಗಳನ್ನು ಕೊಡುತ್ತಿದ್ದೆನೆಂದೂ ಅವನು ಉತ್ತರಿಸಿದನು. ಕೊಳವೆ ಸತ್ಯವನ್ನು ಹೇಳಿತು. ಆದರೆ ಹೇಳಿದ ಮೇಲೆ ಕೊಡಲು ಕಾಡ್ ಮೀನಿನ ಎಣ್ಣೆಯಂಥವುಗಳ ಹೊರತು ಹೆಚ್ಚೇನೂ ಇರಲಿಲ್ಲ. ಮೇ ತಿಂಗಳಲ್ಲಿ ಆನ್ ತೀರಿಕೊಂಡಳು. ಜಾರ್ಜ್ ಎಲಿಯಟ್ಟಳ 'ಮಿಡಲ್‌ಮಾರ್ಚ್' ಕಾದಂಬರಿಯ ತರುಣ ವೈದ್ಯ ಲಿಡ್‌ಗೇಟ್ ಈ ಹೊಸ ಉಪಕರಣವನ್ನು ಹಿಡಿದು ವೃದ್ಧ ಪಂಡಿತ ಕಸಾಬನ್‌ನ ಎದೆಯನ್ನು ಆಲಿಸುವ ಪ್ರಸಂಗವನ್ನು ತರಗತಿಯಲ್ಲಿ ಓದಿದಾಗ, ಅದನ್ನು ಪಾತ್ರಚಿತ್ರಣದ ಒಂದು ವಿವರವೆಂದಷ್ಟೇ ನಾವು ಟಿಪ್ಪಣಿ ಮಾಡಿಕೊಂಡಿದ್ದೆವು.

ಲೆನೆಕ್ ಸತ್ತದ್ದೂ ಕ್ಷಯದಿಂದಲೇ. 1826ರ ಆಗಸ್ಟ್ 13ರಂದು, ಬ್ರಿಟನಿಯ ತನ್ನ ಮನೆಯಲ್ಲಿ, 45ರ ವಯಸ್ಸಿನಲ್ಲಿ. ಕೊನೆಯ ದಿನಗಳಲ್ಲಿ ತನ್ನ ಎದೆಯನ್ನು ಆಲಿಸಿ ಕೇಳಿದ್ದನ್ನು ಕೇಳಿದಂತೆಯೇ ಹೇಳಬೇಕೆಂದು ಸೋದರಸಂಬಂಧಿ ಮೇರಿಯಾಡೆಕ್‌ನನ್ನು ಬೇಡಿಕೊಂಡನಂತೆ. ತರುಣನು ವರ್ಣಿಸಿದ ಸದ್ದು ಯಾವುದೆಂದು ಲೆನೆಕ್ಕನಿಗಿಂತ ಚೆನ್ನಾಗಿ ಬಲ್ಲವರು ಆಗ ಜಗತ್ತಿನಲ್ಲಿ ಇರಲಿಲ್ಲ.

ಉಪಕರಣ ಆಮೇಲೆ ಬೇಗನೆ ಬದಲಾಯಿತು. 1850ರ ದಶಕದ ಆರಂಭದಲ್ಲಿ ಎರಡು ಕಿವಿಗಳ ಮಾದರಿ ಬಂದಿತು; 1960ರ ದಶಕದಲ್ಲಿ ಡೇವಿಡ್ ಲಿಟ್‌ಮನ್ ರೂಪಿಸಿದ ಹಗುರಾದ ಮಾದರಿಯೇ ಇಂದು ನಮ್ಮ ವೈದ್ಯರ ಕೊರಳಲ್ಲಿರುವುದು. ಆದರೆ ಕೇಳಿದ್ದಕ್ಕೆ ಕೊಡುವ ಹೆಸರಿನ ಗೊಂದಲ ತೀರಲಿಲ್ಲ. 1957ರಲ್ಲಿ ರಾಬರ್ಟ್‌ಸನ್ ಮತ್ತು ಕೂಪ್ ಎಂಬ ಬ್ರಿಟಿಷ್ ವೈದ್ಯರು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಲೆನೆಕ್ಕನ ಮೂಲಪದಗಳ ಜಾಡು ಹಿಡಿದು ಹೋಗಿ, ಸಿಡಿಯುವ ಸದ್ದು ಮತ್ತು ಸುಯ್ಗುಟ್ಟುವ ಸದ್ದು ಎಂಬ ಸರಳ ವಿಭಾಗವೇ ಸಾಕೆಂದು ವಾದಿಸಿದರು. ಪಾಲ್ ಫೋರ್ಗಾಕ್ಸ್, ಆ ಚಟಪಟವು ನೀರಿನ ಗುಳ್ಳೆಗಳದ್ದಲ್ಲ, ಮುಚ್ಚಿಕೊಂಡಿದ್ದ ಸಣ್ಣ ಶ್ವಾಸನಾಳಗಳು ಥಟ್ಟನೆ ತೆರೆದುಕೊಳ್ಳುವಾಗ ಉಂಟಾಗುವ ಸದ್ದೆಂದು ವಿವರಿಸಿದನು. 1977ರಲ್ಲಿ ಬಾಸ್ಟನ್ನಿನ ರೇಮಂಡ್ ಮರ್ಫಿ ಮತ್ತು ಸಂಗಡಿಗರು ಧ್ವನಿಮುದ್ರಣದ ಕಾಲವನ್ನು ಹಿಗ್ಗಿಸಿ ಕಾಗದದ ಮೇಲೆ ಅಲೆಯಾಗಿ ಬಿಡಿಸಿದಾಗ, ಕಿವಿಗೆ ಒಂದೇ ಕ್ಷಣವೆನಿಸುತ್ತಿದ್ದ ಸಿಡಿತ ಕಣ್ಣಿಗೆ ಆಕಾರವಾಗಿ ಕಂಡಿತು. ಸೂಕ್ಷ್ಮ ಸಿಡಿತದ ಆಯಸ್ಸು ಸುಮಾರು 5 ಮಿಲಿಸೆಕೆಂಡು, ಒರಟು ಸಿಡಿತದ್ದು ಸುಮಾರು 15; ಸುಯ್ಗುಟ್ಟುವ ಸದ್ದಾದರೋ 100 ಮಿಲಿಸೆಕೆಂಡಿಗೂ ಮೀರಿ ಉಳಿಯುವ ಸ್ವರ. 1985ರಲ್ಲಿ ಟೋಕಿಯೋದಲ್ಲಿ ಸೇರಿದ ತಜ್ಞರು ಹಲವು ಭಾಷೆಗಳಲ್ಲಿ ಈ ಸದ್ದುಗಳಿಗೆ ಸಮಾನಪದಗಳ ಪಟ್ಟಿಯೊಂದನ್ನು ಒಪ್ಪಿಕೊಂಡರು.

ಆ ಪಟ್ಟಿಯಲ್ಲಿ ಕನ್ನಡವಿಲ್ಲ. ಇದ್ದಿದ್ದರೆ ನಮಗೆ ಪದಗಳ ಬಡತನವೇನೂ ಇರುತ್ತಿರಲಿಲ್ಲ. ಉಬ್ಬಸ, ಗೂರಲು, ದಮ್ಮು, ಏದುಸಿರು, ನಿಟ್ಟುಸಿರು, ಮೇಲುಸಿರು, ಸುಯ್ಲು. ಇವುಗಳೊಡನೆ ನಮ್ಮ ವೈಯಾಕರಣರು ಅನುಕರಣಾವ್ಯಯವೆಂದು ಕರೆದ ಗೊರಗೊರ, ಗುರುಗುರು, ಚಟಪಟ, ಸುಂಯ್. ನಮ್ಮ ಅಜ್ಜಿ ಮಗುವಿನ ಬೆನ್ನಿಗೆ ಕಿವಿಯಿಟ್ಟು "ಗೊರಗೊರ ಅನ್ನುತ್ತೆ, ಕಫ ಕಟ್ಟಿದೆ" ಎನ್ನುತ್ತಿದ್ದರು. ಲೆನೆಕ್ಕನ ಉಪ್ಪು, ಪಾರಿವಾಳಗಳಿಗಿಂತ ಈ ವರ್ಣನೆ ಯಾವ ವಿಧದಲ್ಲೂ ಕಡಿಮೆಯದಲ್ಲ. ಇಲ್ಲದ್ದು ಒಂದೇ: ಅಜ್ಜಿಯ ಗೊರಗೊರವನ್ನು ಶ್ವಾಸಕೋಶದೊಡನೆ ತಾಳೆ ನೋಡಿದವರಿರಲಿಲ್ಲ.

ತಾಳೆ ನೋಡಿದರೆ ವೈದ್ಯರ ಕಿವಿಗಳಾದರೂ ಎಷ್ಟು ಒಪ್ಪುತ್ತವೆ? 1988ರಲ್ಲಿ ಲಂಡನ್ನಿನ ಒಂದು ಅಧ್ಯಯನದಲ್ಲಿ 24 ವೈದ್ಯರನ್ನು ನಾಲ್ವರ ತಂಡಗಳಾಗಿ ಮಾಡಿ, ಎದೆಯ ಸ್ಪಷ್ಟ ಲಕ್ಷಣಗಳಿದ್ದ 24 ರೋಗಿಗಳನ್ನು ಪರೀಕ್ಷಿಸಲು ಬಿಟ್ಟರು. ಒಂದು ಲಕ್ಷಣ ಇದೆ ಅಥವಾ ಇಲ್ಲ ಎಂಬುದರಲ್ಲಿ ತಂಡದ ನಾಲ್ವರೂ ಒಮ್ಮತಕ್ಕೆ ಬಂದದ್ದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಸಲ ಮಾತ್ರ. ನಮಗಿದು ಪುಸ್ತಕದ ಮಾತಾಗಿ ಉಳಿಯಲಿಲ್ಲ. ನಮ್ಮ ತಂದೆಯವರ ಎದೆಯನ್ನು ಆಲಿಸಿದ ಮೊದಲ ವೈದ್ಯರು ಉಬ್ಬಸವೆಂದರು. ಎಂಟು ತಿಂಗಳು ಆ ಔಷಧಿ ನಡೆಯಿತು. ಎರಡನೆಯವರು ಹಳೆಯ ಕಫವೆಂದರು. ಮೂರನೆಯವರು, ವಯಸ್ಸಾದವರು, ಬೆನ್ನಿನ ಕೆಳಭಾಗದಲ್ಲಿ ಬಹಳ ಹೊತ್ತು ಸ್ಟೆತೊಸ್ಕೋಪು ಇಟ್ಟುಕೊಂಡಿದ್ದು, ಏನೂ ಹೇಳದೆ ಅದರ ತುದಿಗಳನ್ನು ನಮ್ಮ ಕಿವಿಗೆ ಕೊಟ್ಟರು. ಮಕ್ಕಳ ಶಾಲಾಚೀಲದ ವೆಲ್ಕ್ರೋ ಪಟ್ಟಿಯನ್ನು ಮೆಲ್ಲಗೆ ಬಿಡಿಸಿದಂಥ ಸದ್ದು, ಪ್ರತಿ ಉಸಿರನ್ನು ಒಳಗೆಳೆದುಕೊಳ್ಳುವಾಗಲೂ. ಶ್ವಾಸಕೋಶ ನಾರುಗಟ್ಟುವ ರೋಗದ ಗುರುತದು. ಸಿ.ಟಿ. ಸ್ಕ್ಯಾನು ಅದನ್ನೇ ಹೇಳಿತು. ನಮ್ಮ ಪಾಲಿಗೆ ಲೆನೆಕ್ಕನ ಶವಪರೀಕ್ಷೆಯ ಸ್ಥಾನದಲ್ಲಿ ನಿಂತ ಸಾಕ್ಷಿ ಆ ಸ್ಕ್ಯಾನು.

ಮೈಮೇಲೆ ಧರಿಸುವ ಸಂವೇದಕಗಳ ಭರವಸೆ ಇಲ್ಲಿ ಹುಟ್ಟುತ್ತದೆ. ವೈದ್ಯರು ಎದೆಯನ್ನು ಆಲಿಸುವುದು ಅರ್ಧ ನಿಮಿಷ, ಅದೂ ಹಗಲು ಹೊತ್ತು. ಉಬ್ಬಸ ಕಾಡುವುದು ರಾತ್ರಿ. ಚರ್ಮಕ್ಕೆ ಅಂಟಿಕೊಂಡ ಪಟ್ಟಿಯೊಂದು ಇಡೀ ರಾತ್ರಿ ಕೇಳಬಲ್ಲದು, ದೂರದೂರಿಗೆ ವರದಿ ಕಳಿಸಬಲ್ಲದು. 2020ರಲ್ಲಿ ಮೈಯೆಲ್ಲ ರಕ್ಷಾಕವಚ ತೊಟ್ಟ ವೈದ್ಯರಿಗೆ ಸ್ಟೆತೊಸ್ಕೋಪನ್ನು ಕಿವಿಗಿಡುವುದೇ ದುಸ್ತರವಾದಾಗ ಈ ಆಸೆ ಇನ್ನಷ್ಟು ಬಲಗೊಂಡಿತು. 2023ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಜಾನ್ ರೋಜರ್ಸ್ ಮತ್ತು ಸಂಗಡಿಗರು ಇಂಥ ಒಂದು ನಿಸ್ತಂತು ಸಾಧನವನ್ನು 'ನೇಚರ್ ಮೆಡಿಸಿನ್' ಪತ್ರಿಕೆಯಲ್ಲಿ ವರ್ಣಿಸಿದರು. ಅದರಲ್ಲಿ ಎರಡು ಮೈಕ್ರೋಫೋನುಗಳು: ಒಂದು ಮೈಯತ್ತ, ಒಂದು ಹೊರಗಿನತ್ತ. ಹೊರಗಿನದು ಕೇಳಿದ ಗದ್ದಲವನ್ನು ಒಳಗಿನದರಿಂದ ಕಳೆದರೆ ಉಳಿಯುವುದು ದೇಹದ ಸದ್ದು. ಅವಧಿಗೆ ಮುನ್ನ ಹುಟ್ಟಿದ 15 ಶಿಶುಗಳ ಮೇಲೂ 55 ವಯಸ್ಕರ ಮೇಲೂ ಅದನ್ನು ಪ್ರಯೋಗಿಸಿ ನೋಡಿದರು. ಒಂದೇ ಎದೆಯ ಹಲವು ಕಡೆಗಳಲ್ಲಿ ಏಕಕಾಲಕ್ಕೆ ಕೇಳುವುದು ಯಾವ ವೈದ್ಯನ ಎರಡು ಕಿವಿಗಳಿಗೂ ಸಾಧ್ಯವಿಲ್ಲದ ಕೆಲಸ. ಈ ಸಾಧನೆಯನ್ನು ನಾವು ಕೀಳಂದಾಜು ಮಾಡುವವರಲ್ಲ.

ಆದರೆ ಮೌಲ್ಯಮಾಪನವೆಂಬ ಪದ ನಮ್ಮ ಕಚೇರಿಯ ಕಡತಗಳಲ್ಲಿ ದಿನಕ್ಕೆ ಹತ್ತು ಸಲ ಬರುವುದರಿಂದ, ಅದರ ಒಳಗುಟ್ಟು ನಮಗೆ ಸ್ವಲ್ಪ ಗೊತ್ತು. ಟೆಂಡರಿನ ತಾಂತ್ರಿಕ ಷರತ್ತುಗಳೆಲ್ಲ ಪೂರೈಸಿದವೆಂದು ಸಹಿ ಹಾಕುವುದು ಒಂದು, ತಂದ ವಸ್ತು ಕೆಲಸ ಮಾಡುವುದು ಇನ್ನೊಂದು. ಸಂವೇದಕ ಸದ್ದನ್ನು ನಿಷ್ಠೆಯಿಂದ ಹಿಡಿಯಿತೇ ಎಂಬುದು ಭೌತವಿಜ್ಞಾನದ ಪ್ರಶ್ನೆ. ಸಹಜ ಉಸಿರಿನ ಸದ್ದು ಹೆಚ್ಚಾಗಿ 100ರಿಂದ 1000 ಹರ್ಟ್ಜ್ ನಡುವೆ ಇರುತ್ತದೆ. ಹೃದಯದ ಬಡಿತ ಅದರ ತಳಭಾಗದಲ್ಲಿ ಬಂದು ಬೆರೆಯುತ್ತದೆ. ಬೆವರು, ಎದೆಯ ರೋಮ, ಪಟ್ಟಿಯ ಬಿಗಿ, ಬನಿಯನ್ನಿನ ಉಜ್ಜಾಟ, ಮಗ್ಗುಲು ಬದಲಿಸುವಿಕೆ, ಇವೆಲ್ಲವೂ ಸಿಡಿತದ ವೇಷದಲ್ಲಿ ಬರಬಲ್ಲವು. ಸದ್ದನ್ನು ಹಿಡಿದ ಮೇಲೆ ಗಣಕವು ಅದಕ್ಕೆ ಸರಿಯಾದ ಹೆಸರು ಕೊಟ್ಟಿತೇ ಎಂಬುದು ಬೇರೆಯೇ ಪ್ರಶ್ನೆ. ಸರಿಯಾದ ಹೆಸರನ್ನು ನಿರ್ಧರಿಸಿದವರು ಯಾರು? ಧ್ವನಿಮುದ್ರಿಕೆಯನ್ನು ಕೇಳಿ ಗುರುತು ಹಾಕಿದ ವೈದ್ಯರು. ಅಂದರೆ ಪರಸ್ಪರ ಒಪ್ಪದ ಆ ಕಿವಿಗಳೇ. ತಕ್ಕಡಿಯನ್ನು ಪರೀಕ್ಷಿಸಲು ತಂದ ಬಟ್ಟಿನ ತೂಕವೇ ಖಚಿತವಿಲ್ಲದಂತಾಯಿತು.

ಈ ಕ್ಷೇತ್ರದ ಸಂಶೋಧಕರು ಬಹಳವಾಗಿ ಬಳಸುವ ಧ್ವನಿಸಂಗ್ರಹವೊಂದು 2017ರಲ್ಲಿ ಸಾರ್ವಜನಿಕವಾಯಿತು. ಪೋರ್ಚುಗಲ್ ಮತ್ತು ಗ್ರೀಸಿನಲ್ಲಿ 126 ಜನರಿಂದ ಪಡೆದ 920 ಮುದ್ರಿಕೆಗಳು, ಒಟ್ಟು ಐದೂವರೆ ಗಂಟೆ. ಅದರಲ್ಲಿ 6898 ಉಸಿರಾಟಗಳು. 1864ರಲ್ಲಿ ಸಿಡಿತ, 886ರಲ್ಲಿ ಸುಯ್ಗುಟ್ಟುವಿಕೆ, 506ರಲ್ಲಿ ಎರಡೂ, ಉಳಿದವು ಇವೆರಡೂ ಇಲ್ಲದವು. ಎಷ್ಟೋ ಪ್ರಬಂಧಗಳು ಇದರ ಆಧಾರದ ಮೇಲೆ ತಮ್ಮ ಯಂತ್ರ ಇಷ್ಟು ಶೇಕಡಾ ನಿಖರವೆಂದು ಘೋಷಿಸಿದವು. ಆದರೆ ಒಬ್ಬನೇ ರೋಗಿಯ ಕೆಲವು ಮುದ್ರಿಕೆಗಳನ್ನು ಯಂತ್ರದ ಕಲಿಕೆಗೂ ಇನ್ನು ಕೆಲವನ್ನು ಪರೀಕ್ಷೆಗೂ ಬಳಸಿದರೆ, ಯಂತ್ರ ಗುರುತಿಸುವುದು ರೋಗವನ್ನೋ ರೋಗಿಯನ್ನೋ? ಪಾಠ ಮಾಡುವಾಗ ಕೊಟ್ಟ ಲೆಕ್ಕಗಳನ್ನೇ ಪರೀಕ್ಷೆಯಲ್ಲೂ ಕೊಟ್ಟು ತರಗತಿಯ ಎಲ್ಲರೂ ಪ್ರಥಮ ದರ್ಜೆಯೆಂದು ಬೀಗುವ ಮೇಷ್ಟರಂತೆ ಇದು. ಅಲ್ಲದೆ ಈ ಸಂಗ್ರಹದ ಮುದ್ರಣಕ್ಕೆ ನಾಲ್ಕು ಬಗೆಯ ಉಪಕರಣಗಳು ಬಳಕೆಯಾಗಿವೆ. ಒಂದು ಬಗೆಯ ರೋಗಿಗಳು ಹೆಚ್ಚಾಗಿ ಒಂದು ಉಪಕರಣದಲ್ಲೇ ಬಂದಿದ್ದರೆ, ಯಂತ್ರವು ಆ ಉಪಕರಣದ ದನಿಯನ್ನೇ ರೋಗವೆಂದು ಕಲಿಯಬಹುದು. ಎಚ್ಚರಿಕೆಯ ಸಂಶೋಧಕರು ಇದನ್ನು ತಾವೇ ಎತ್ತಿ ತೋರಿಸಿದ್ದಾರೆಂಬುದನ್ನೂ ಹೇಳಬೇಕು.

ಇನ್ನು ಸಂಖ್ಯೆಯ ಮಾತು. ಒಂದು ಊರಿನ 1000 ಜನರಲ್ಲಿ 20 ಮಂದಿಗೆ ರೋಗವಿದೆಯೆಂದೂ ಸಂವೇದಕ ರೋಗಿಗಳಲ್ಲೂ ಆರೋಗ್ಯವಂತರಲ್ಲೂ ಶೇಕಡಾ 90ರಷ್ಟು ಸರಿಯೆಂದೂ ಭಾವಿಸಿಕೊಳ್ಳೋಣ. 18 ರೋಗಿಗಳು ಸಿಕ್ಕುತ್ತಾರೆ. ಜೊತೆಗೆ 98 ಆರೋಗ್ಯವಂತರು ರೋಗಿಗಳೆನಿಸಿಕೊಳ್ಳುತ್ತಾರೆ. ಆ 98 ಮಂದಿ ಕೂಲಿ ಬಿಟ್ಟು ಜಿಲ್ಲಾಸ್ಪತ್ರೆಯ ಸಾಲಿನಲ್ಲಿ ನಿಲ್ಲುವ ವೆಚ್ಚ ಯಾವ ಪ್ರಬಂಧದ ಕೋಷ್ಟಕದಲ್ಲೂ ನಮಗೆ ಕಾಣಸಿಗಲಿಲ್ಲ. ಯಾರ ಮೈಮೇಲೆ ಪರೀಕ್ಷಿಸಿದರು ಎಂಬುದೂ ಮುಖ್ಯ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು ದಶಕಗಳ ಕಾಲ ಬಳಕೆಯಲ್ಲಿದ್ದ ಮೇಲೆ, 2020ರಲ್ಲಿ ಅಮೆರಿಕದ ಅಧ್ಯಯನವೊಂದು, ಅದು ಮರೆಮಾಚಿದ ಆಮ್ಲಜನಕದ ಕೊರತೆ ಬಿಳಿಯರಿಗಿಂತ ಕಪ್ಪುವರ್ಣೀಯರಲ್ಲಿ ಮೂರು ಪಟ್ಟಿನ ಆಸುಪಾಸು ಹೆಚ್ಚೆಂದು ತೋರಿಸಿತು.

ಈ ಬಗೆಯ ಲೆಕ್ಕಾಚಾರದಲ್ಲಿ ನಮ್ಮ ನಾಡಿನ ಒಂದು ಅಧ್ಯಾಯ ಮರೆಯಬಾರದ್ದು. 1960ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಉದ್ಘಾಟನೆಯಾಯಿತು. ಅಲ್ಲಿನ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿದ ಅಧ್ಯಯನ 1963ರಲ್ಲಿ ಪ್ರಕಟವಾಯಿತು. ಹಳ್ಳಿಗರಿಗೆ ರೋಗದ ಅರಿವಿಲ್ಲ, ಯಂತ್ರಗಳೊಡನೆ ಮನೆಮನೆಗೆ ಹೋಗಿ ಹುಡುಕಬೇಕು ಎಂಬುದು ಆಗಿನ ಪಂಡಿತರ ನಂಬಿಕೆ. ಅಧ್ಯಯನ ತೋರಿಸಿದ್ದು ಬೇರೆ. ಕ್ಷಯವಿದ್ದವರಲ್ಲಿ ಬಹುತೇಕರಿಗೆ ತಮ್ಮ ಲಕ್ಷಣಗಳ ಅರಿವಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ತಾವಾಗಿಯೇ ಚಿಕಿತ್ಸೆಯನ್ನು ಅರಸಿ ಹೋಗಿದ್ದರು. ಅವರಿಗೆ ಸಿಕ್ಕಿದ್ದು ಸಾಮಾನ್ಯವಾಗಿ ಒಂದು ಸೀಸೆ ಕೆಮ್ಮಿನ ಔಷಧಿ. ಕೆಮ್ಮು ಕೆಮ್ಮುತ್ತಲೇ ಇತ್ತು, ಕೇಳುವವರಿರಲಿಲ್ಲ. ಕೆಮ್ಮಿಕೊಂಡು ಬಂದವರ ಕಫವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಸರಳ ಏರ್ಪಾಡಿಗೆ ರಾಷ್ಟ್ರೀಯ ಕಾರ್ಯಕ್ರಮ ಒತ್ತು ಕೊಟ್ಟದ್ದು ಇಂಥ ಅಧ್ಯಯನಗಳ ಬಲದಿಂದ. ಹಾಗೆಯೇ ಮಕ್ಕಳ ನ್ಯುಮೋನಿಯಾ ಗುರುತಿಸಲು ಇಂದಿಗೂ ಹಳ್ಳಿಯ ಆರೋಗ್ಯ ಕಾರ್ಯಕರ್ತೆ ಮಾಡುವುದು ಒಂದು ನಿಮಿಷದ ಉಸಿರೆಣಿಕೆ: 2 ತಿಂಗಳಿಂದ ಒಂದು ವರ್ಷದೊಳಗಿನ ಮಗುವಿಗೆ 50 ಅಥವಾ ಹೆಚ್ಚು, ಅದಕ್ಕೆ ಮೇಲ್ಪಟ್ಟು 5 ವರ್ಷದೊಳಗಿನದಕ್ಕೆ 40 ಅಥವಾ ಹೆಚ್ಚಾದರೆ ಅಪಾಯ. ಹೊಸ ಸಂವೇದಕ ಸೆಣಸಬೇಕಾದದ್ದು ಲಿಟ್‌ಮನ್ನನ ಸ್ಟೆತೊಸ್ಕೋಪಿನೊಡನೆ ಮಾತ್ರವಲ್ಲ, ಈ ಗಡಿಯಾರದೊಡನೆ ಕೂಡ.

ಕಳೆದ ಮಳೆಗಾಲದಲ್ಲಿ ತಂದೆಯವರನ್ನು ನೋಡಿಕೊಳ್ಳುವ ಆಸ್ಪತ್ರೆಯವರು ಇಂಥ ಪಟ್ಟಿಯೊಂದರ ಪ್ರಾಯೋಗಿಕ ಅಧ್ಯಯನಕ್ಕೆ ಸೇರುವಿರಾ ಎಂದು ಕೇಳಿದರು. ಮೂರು ರಾತ್ರಿಗಳ ಮಾತು. ಮನೆಯೊಳಗಿನ ಮಾತುಕತೆಯನ್ನೂ ಅದು ಕೇಳಿಸಿಕೊಳ್ಳುವುದಲ್ಲವೇ ಎಂದು ತಾಯಿಯವರು ಆಕ್ಷೇಪಿಸಿದರು. ಒಪ್ಪಿಗೆಪತ್ರದಲ್ಲಿ ಅದಕ್ಕೆ ಉತ್ತರವಿದ್ದದ್ದು ಏಳನೆಯ ಪುಟದಲ್ಲಿ, ಇಂಗ್ಲಿಷಿನಲ್ಲಿ. ನಾವು ಫೋನಿನಲ್ಲಿ ಅದನ್ನು ಸಾಲುಸಾಲಾಗಿ ಕನ್ನಡದಲ್ಲಿ ಹೇಳಿದೆವು. ಸಂಗ್ರಹವಾಗುವ ಧ್ವನಿಯಿಂದ ಮಾತನ್ನು ತೆಗೆದುಹಾಕಲಾಗುವುದೆಂದು ಬರೆದಿತ್ತು. ತಂದೆಯವರು ಸಹಿ ಹಾಕಿದರು.

ವರದಿ ನಮ್ಮ ಕೈಸೇರಿದಾಗ ಊರಿನಲ್ಲಿಯೇ ಇದ್ದೆವು. ಬೆನ್ನಿನ ಕೆಳಭಾಗದ ಸೂಕ್ಷ್ಮ ಸಿಡಿತವನ್ನು ಯಂತ್ರ ಸರಿಯಾಗಿಯೇ ಹಿಡಿದಿತ್ತು, ಮೂರು ರಾತ್ರಿಯೂ. ಜೊತೆಗೆ ಎರಡನೆಯ ದಿನದ ಬೆಳಗಿನ ಜಾವ ಐದರಿಂದ ಐದೂವರೆಯವರೆಗೆ ಸುದೀರ್ಘವಾದ ಸುಯ್ಗುಟ್ಟುವಿಕೆಯನ್ನು ಕೆಂಪು ಗೆರೆಯಲ್ಲಿ ತೋರಿಸಿತ್ತು. ನಾವು ಗಾಬರಿಯಿಂದ ಕಾಗದವನ್ನು ತಂದೆಯವರ ಮುಂದೆ ಹಿಡಿದೆವು. ಅವರು ಕನ್ನಡಕ ಹಾಕಿಕೊಂಡು ಸಮಯ ನೋಡಿದರು. ನಿದ್ದೆ ಬಾರದ ಬೆಳಗಿನಲ್ಲಿ ಬಾಯಿ ಮುಚ್ಚಿಕೊಂಡೇ ರಾಗ ಗುನುಗುವುದು ಅವರ ಹಳೆಯ ಅಭ್ಯಾಸ.

"ಇದು ಗೂರಲಲ್ಲ ಮಾರಾಯ, ಬಿಲಹರಿ" ಎಂದರು.

ಅಧ್ಯಯನದ ತರುಣ ಸಂಶೋಧಕಿಗೆ ಅದನ್ನು ತಿಳಿಸಿದೆವು. ಆಕೆ ನಗಲಿಲ್ಲ, ಆ ಅರ್ಧ ಗಂಟೆಯ ಎದುರು ರೋಗಿಯ ಹೇಳಿಕೆಯೆಂದು ಬರೆದುಕೊಂಡು, ಉಳಿದೆರಡು ಬೆಳಗುಗಳಲ್ಲೂ ಗುನುಗಿದ್ದುಂಟೇ ಎಂದು ಕೇಳಿದರು.